ಹಿಡಿದಿರುವವರು: ಒಬ್ಬರು

ದೀಪ ಆರಿಸಬೇಡಿ, ಇರಲಿ. ಆಮೇಲೆ ನೀರು ಕುಡಿಯಲು ಏಳಬೇಕಾಗುತ್ತದೆ.

ಇದು ನಮ್ಮ ದೊಡ್ಡಮ್ಮನ ಮಗಳು ಅಮೂಲ್ಯಾಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಚಳ್ಳಕೆರೆಯ ಮನೆಯ ತಾರಸಿಯ ಮೇಲೆ ಕೂತು ಅವಳೇ ಹೇಳಿದಳು. ಎರಡು ಸಲ ಹೇಳಿಸಿದೆ. ಎರಡು ಸಲವೂ ಒಂದು ಮಾತು ಆಚೀಚೆ ಆಗಲಿಲ್ಲ.

ಹೋದ ವರ್ಷ ನವೆಂಬರ್. ಶನಿವಾರ. ವಿಶಾಖಪಟ್ಟಣದಿಂದ ಹೊರಟ ರೈಲು ತಡವಾಗಿ ವಿಜಯವಾಡ ಮುಟ್ಟಿದಾಗ ಹನ್ನೊಂದು ದಾಟಿತ್ತು. ಭವಾನಿಪುರಂನ ಒಂದು ಓಣಿಯ ಬಾಯಲ್ಲಿ ಆಟೋದವನು ಬ್ರೇಕು ಹಾಕಿದ. ಪೈಪು ಹೂಳಲು ರಸ್ತೆ ಅಗೆದಿದ್ದರು. ಇಲ್ಲಿಂದ ನಡೆಯಲೇಬೇಕು ಎಂದು ಕೈ ತೋರಿಸಿ, ಹಿಂತಿರುಗಿ ಹೋದ. ಬೀದಿದೀಪ ಒಂದೂ ಉರಿಯುತ್ತಿರಲಿಲ್ಲ. ಕೃಷ್ಣೆಯ ಕಡೆಯಿಂದ ಗಾಳಿ ಬರುತ್ತಿತ್ತು… ಒದ್ದೆ ಮಣ್ಣಿನ ವಾಸನೆ.

ಅಮೂಲ್ಯಾ ಮೊಬೈಲಿನ ಬೆಳಕು ಹಿಡಿದು ನಡೆದಳು. ಚಪ್ಪಲಿಯ ಕೆಳಗೆ ಜಲ್ಲಿ… ಚರಕ್, ಚರಕ್. ಓಣಿಯ ನಡುವೆ ಒಂದು ಬಾವಿ. ಸೊಂಟದೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ. ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಬೆನ್ನು ಇವಳ ಕಡೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಚೀಲ.

ಇವಳು ದಾಟುವಾಗ ಅವನು ತಿರುಗಲಿಲ್ಲ. ತೆಲುಗಿನಲ್ಲಿ, ಪಿಸುದನಿಯಲ್ಲಿ ಕೇಳಿದ.

"ಮೇಡಂ… ಮಹಾಬಲೇಶ್ವರ್ ಗಾರು ಬಂದರಾ?"

ಅವಳು ನಿಂತಳು. "ಇಲ್ಲ. ನನ್ನೊಬ್ಬಳನ್ನೇ ಕಳಿಸಿದ್ದಾರೆ. ನೀವು ಕಂಪನಿಯವರಾ?"

"ಅಳಿಸೋದಕ್ಕೆ ಕಳಿಸಿದರಾ?"

"ಟೆಸ್ಟ್ ಮಾಡೋದಕ್ಕೆ."

ಅವನು ಬೆರಳಿನ ಉಂಗುರದಿಂದ ಜಾಲರಿಯನ್ನು ಒಮ್ಮೆ ತಟ್ಟಿದ. ಟಿಂಗ್.

"ನಿಧಾನವಾಗಿ ಮಾಡಿ" ಅಂದ. "ನಾನೂ ಅವಸರ ಮಾಡಿರಲಿಲ್ಲ."

ಅವಳು ಇನ್ನೇನೋ ಕೇಳಬೇಕು ಎನ್ನುವಷ್ಟರಲ್ಲಿ ಮುಂದಿನ ಮನೆಯ ಗೇಟು ತೆರೆಯಿತು. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯಿತು.

"ಅಮೂಲ್ಯಾನಾ? ಬಾ ತಲ್ಲೀ, ಬೇಗ ಬಾ."

ಮನೆಯ ಒಡತಿ ಲಕ್ಷ್ಮೀಕಾಂತಮ್ಮ. ಅವರ ತಾಯಿ ಹೊಸಪೇಟೆಯವರು, ಹಾಗಾಗಿ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಮಹಡಿಯ ಕೋಣೆಯನ್ನು ಕಂಪನಿಗೆ ಬಾಡಿಗೆ ಕೊಟ್ಟಿದ್ದರು.

"ನಿಮ್ಮ ಕಂಪನಿಯವರು ಒಳ್ಳೇವರೇ" ಎನ್ನುತ್ತಾ ಮೆಟ್ಟಿಲು ಹತ್ತಿದರು. "ಆದರೆ ಕರೆಂಟು ಬಿಲ್ಲು ನೋಡಿದರೆ ಒಳಗೆ ಅಕ್ಕಿ ಗಿರಣಿ ನಡೆಸ್ತಿದ್ದೀರೇನೋ ಅನ್ನಿಸ್ತದೆ."

"ಯಾರೂ ಇಲ್ಲದ ಕೋಣೇಲಿ ಯಾಕಷ್ಟು ಬಿಲ್ಲು ಬರುತ್ತೆ ಅಜ್ಜಿ?"

ಲಕ್ಷ್ಮೀಕಾಂತಮ್ಮ ಬೀಗಕ್ಕೆ ಕೀ ಹಾಕುತ್ತಿದ್ದವರು ತಿರುಗಿ ನೋಡಿದರು. "ಅದನ್ನೇ ನಾನೂ ಕೇಳ್ತಿರೋದು" ಎಂದರು. ಹಾಲಿನ ಲೋಟ ಕಿಟಕಿಯಲ್ಲಿಟ್ಟು, ಇಳಿದುಹೋದರು.

ಅವಳು ಅಲ್ಲಿಗೆ ಯಾಕೆ ಹೋದಳು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಮೂಲ್ಯಾ ಎಂ.ಎಸ್ಸಿ. ಎಲೆಕ್ಟ್ರಾನಿಕ್ಸ್. ವಿಶಾಖಪಟ್ಟಣದ ಒಂದು ಸಣ್ಣ ಕಂಪನಿಯಲ್ಲಿದ್ದಳು. ಹೆಸರು ಹೇಳುವುದಿಲ್ಲ, ಕೇಸು ನಡೆಯುತ್ತಿದೆ. ಅವರು ಒಂದು ಡಬ್ಬಿ ತಯಾರಿಸುತ್ತಾರೆ. ಸೀಗಡಿ ಇಡುವ ಶೀತಲ ಗೋದಾಮಿನಲ್ಲಿ ಅಮೋನಿಯಾ ಸೋರಿದರೆ, ಆ ಸುದ್ದಿಯನ್ನು ನೆಟ್‌ವರ್ಕಿನಲ್ಲಿ ಕಾವಲಿನವರಿಗೆ ಮುಟ್ಟಿಸುವ ಡಬ್ಬಿ. ಅದರೊಳಗಿನ ಕರ್ನಲ್‌ನಲ್ಲಿ, ಎಂದರೆ ಯಂತ್ರವನ್ನು ನಡೆಸುವ ತಿರುಳಿನಲ್ಲಿ, ನೆಟ್‌ವರ್ಕ್ ನೋಡಿಕೊಳ್ಳುವ ಡ್ರೈವರ್ ಎಂಬ ಪ್ರೋಗ್ರಾಮು ಕಂಪನಿಯೇ ಬರೆದದ್ದು. ಅದು ಇವಳ ಕೆಲಸ.

ಕೆಲಸ ಕಲಿಸಿದವರು ಮಹಾಬಲೇಶ್ವರ ಸರ್. ಕುಮಟಾದವರು, ಇಪ್ಪತ್ತೆರಡು ವರ್ಷದಿಂದ ವಿಶಾಖಪಟ್ಟಣದಲ್ಲಿ ನೆಲೆಸಿದ್ದರು. ಹೆಂಡತಿ ಹೈಮಾವತಿ ತೆಲುಗಿನವರು. ಮಕ್ಕಳಿಲ್ಲ. ಅಮೂಲ್ಯಾಳ ಭಾನುವಾರದ ಊಟ ಅವರ ಮನೆಯಲ್ಲೇ. ಆಫೀಸಿನಲ್ಲಿ ಎಲ್ಲರಿಗೂ ಸರ್ ಆದವರು ಇವಳನ್ನು "ತಂಗೀ" ಎನ್ನುತ್ತಿದ್ದರು. ಪರ ಊರಿನಲ್ಲಿ ಆ ಒಂದು ಮಾತು ಎಷ್ಟು ದೊಡ್ಡದೆಂದು ದೂರ ಇದ್ದವರಿಗೆ ಗೊತ್ತು.

ಅವರು ಮೊದಲ ದಿನವೇ ಹೇಳಿದ್ದರು. "ಎಲ್ಲ ಸರಿ ನಡೆದಾಗಿನ ದಾರಿ ಯಾರು ಬೇಕಾದರೂ ಬರೀತಾರೆ ತಂಗೀ. ನೀನು ತಪ್ಪಿದಾಗಿನ ದಾರಿ ನೋಡು. ಅರ್ಧಕ್ಕೆ ಕೆಟ್ಟರೆ ಎರಡೇ ಕೆಲಸ. ಹಿಡಿದದ್ದನ್ನು ಬಿಡು. ಆದದ್ದನ್ನು ಹೇಳು."

ಹಿಡಿದದ್ದನ್ನು ಬಿಡುವುದೆಂದರೆ… ಒಂದು ನೆಟ್‌ವರ್ಕ್ ಕಾರ್ಡನ್ನು ಯಾವ ಕೆಲಸ ಬಳಸಿದರೂ ಕರ್ನಲ್ ಒಂದು ಎಣಿಕೆ ಏರಿಸುತ್ತದೆ. ಬಿಟ್ಟಾಗ ಇಳಿಸಬೇಕು. ಯಾರಾದರೂ ಬಿಡಲು ಮರೆತರೆ ಆ ಕಾರ್ಡನ್ನು ತೆಗೆಯಲು ಬಾರದು. ಅದು ಸಾಯುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಒಂದು ಸಾಲು ಬೀಳುತ್ತದೆ. ಕನ್ನಡದಲ್ಲಿ ಹೇಳಿದರೆ, "ಬಿಡುಗಡೆಗೆ ಕಾಯುತ್ತಿದೆ. ಹಿಡಿದಿರುವವರು: ಒಬ್ಬರು."

ಆದದ್ದನ್ನು ಹೇಳುವುದೆಂದರೆ… ಕೆಲಸ ಕೆಟ್ಟಿದ್ದರೆ ಯಾವ ತಪ್ಪು ಎಂಬ ಸಂಖ್ಯೆಯನ್ನು ಹಿಂತಿರುಗಿಸಬೇಕು. ಸೊನ್ನೆ ಕೊಟ್ಟರೆ ಎಲ್ಲ ಸರಿ ಎಂದರ್ಥ.

ಸೇರಿದ ಹೊಸದರಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಈ ತಪ್ಪಿನ ದಾರಿಗಳನ್ನೆಲ್ಲ ಒಂದು ಅಚ್ಚಿಗೆ ತರುವುದು. ಸಾಲುಗಳನ್ನು ಓರಣವಾಗಿ ಜೋಡಿಸು, ಅರ್ಥ ಕೂದಲೆಳೆಯಷ್ಟೂ ಬದಲಾಗಬಾರದು ಎಂದಿದ್ದರು. ಜೋಡಿಸುವಾಗ ಒಂದು ಕಡೆ ಅವಳ ಕೈ ನಿಂತಿತು. ಸುದ್ದಿ ಹೋಗದಿದ್ದರೂ ಅಲ್ಲಿ ಸೊನ್ನೆ ಕೊಟ್ಟು ಹೊರಬೀಳುತ್ತಿತ್ತು. ಹಿಡಿದ ಕಾರ್ಡನ್ನು ಬಿಡದೆಯೇ.

"ಸರ್, ಇಲ್ಲಿ ಕೆಟ್ಟರೂ ಎಲ್ಲ ಸರಿ ಅಂತಿದೆಯಲ್ಲ?"

"ಹಾಗೇ ಇರಲಿ ತಂಗೀ. ಅದಕ್ಕೊಂದು ಕಾರಣ ಇದ್ದು."

ಅವಳು ಆ ಸಾಲನ್ನು ಎತ್ತಿ ಹತ್ತು ಸಾಲು ಕೆಳಗೆ ಇಟ್ಟಳು. ಆ ಭಾನುವಾರ ಸರ್ ಮನೆಯಲ್ಲಿ ಊಟಕ್ಕೆ ಗೋಂಗೂರ ಪಪ್ಪು, ಬೊಬ್ಬಟ್ಟು, ಅಂದರೆ ಅವರ ಕಡೆಯ ಹೋಳಿಗೆ. ಮೊದಲ ಕೆಲಸ ಒಪ್ಪಿಗೆಯಾದದ್ದಕ್ಕೆ ಹೈಮಾವತಿ ಅವಳಿಗೆ ಒಂದು ಮಂಗಳಗಿರಿ ಸೀರೆ ಕೊಟ್ಟರು. ಎಳೆಹಸಿರು, ಜರಿ ಅಂಚು.

ಎಂಟು ತಿಂಗಳ ಮೇಲೆ ಒಂದು ಗೋದಾಮಿನಲ್ಲಿ ಅಮೋನಿಯಾ ಸೋರಿತು. ಡಬ್ಬಿಯಿಂದ ಸುದ್ದಿ ಹೋಗಲಿಲ್ಲ. ಹೋಗಿದೆ ಎಂದೇ ಅದು ಬರೆದುಕೊಂಡಿತ್ತು. ತಿಳಿಯದೆ ಒಳಗೆ ಕಾಲಿಟ್ಟ ಕಾವಲುಗಾರನ ಎರಡೂ ಕಣ್ಣು ಹೋದವು. ಅಮೂಲ್ಯಾ ಓಡಿಹೋಗಿ ಸರ್ ಅವರನ್ನು ಕೇಳಿದಳು. ಆ ಸಾಲಿಗೂ ಇದಕ್ಕೂ ಸಂಬಂಧವಿಲ್ಲ, ಟೆಸ್ಟ್ ಮಾಡಿದವನು ನೆಟ್ಟಗೆ ಮಾಡಿಲ್ಲ ಎಂದರು. ಅವಳು ನಂಬಿದಳು.

ಟೆಸ್ಟ್ ಮಾಡಿದವನು ಬಾಬ್ಜಿ. ಭವಾನಿಪುರಂನ ಈ ಕೋಣೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ. ಅಮೂಲ್ಯಾ ಅವನ ಮುಖ ಕಂಡಿರಲಿಲ್ಲ. ಕೆಲಸದಿಂದ ತೆಗೆದಿದ್ದೇವೆ ಎಂಬ ಪತ್ರ ಬಂದ ರಾತ್ರಿ ಅವನು ಇದೇ ಕೋಣೆಯ ಕುರ್ಚಿಯಲ್ಲಿ ಹೃದಯ ನಿಂತು ತೀರಿಕೊಂಡ. ಮೂವತ್ತೊಂದು ವರ್ಷ.

ಈಗ ನವೆಂಬರಿನಲ್ಲಿ ವಿಚಾರಣೆಯ ಸಮಿತಿ ಬರುವುದಿತ್ತು. ಸೋಮವಾರ. ಆ ಡ್ರೈವರ್‌ನ ಒಂದೊಂದು ಸಾಲನ್ನೂ ಯಾರು ಬರೆದರೆಂದು ನೋಡುತ್ತಾರೆ ಎಂಬ ಸುದ್ದಿ. ಶುಕ್ರವಾರ ಸರ್ ಅವಳನ್ನು ಕರೆದರು. "ವಿಜಯವಾಡದ ಹಳೇ ಮಷಿನ್ ಚೊಕ್ಕ ಮಾಡಿ ಬಾ ತಂಗೀ. ಹಳೇ ಡ್ರೈವರ್ ತೆಗೆ. ಅಲ್ಲಿರೋ ಹಳೇ ಪ್ರತಿ ಪೂರ್ತಿ ಅಳಿಸು. ಮೊನ್ನೆ ನೀನು ಆ ಸಾಲು ಸರಿಮಾಡಿದ ಹೊಸದನ್ನ ಹಾಕಿ ಟೆಸ್ಟ್ ಮಾಡು. ರಾತ್ರಿನೇ ಮುಗಿಸಿಬಿಡು."

ಕೊನೆಗೂ ಆ ಸಾಲು ಹೋಗುತ್ತದಲ್ಲ ಎಂದು ಅವಳಿಗೆ ಖುಷಿಯೇ ಆಗಿತ್ತು.

ಕೋಣೆಗೆ ಬನ್ನಿ. ಎರಡು ಮೇಜು. ಒಂದರ ಮೇಲೆ ಟೆಸ್ಟ್ ಮಷಿನ್. ಇನ್ನೊಂದರ ಮೇಲೆ ಬಟ್ಟೆ ಮುಚ್ಚಿದ ಹಳೆಯ ಕೀಬೋರ್ಡ್, ಅದರ ವೈರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಮುಂದೆ ಗಾಲಿಯ ಕುರ್ಚಿ. ಫ್ಯಾನಿನ ಸದ್ದು… ಗಿರಗಿರ, ಗಿರಗಿರ.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಅವಳು ಹಳೆಯ ಡ್ರೈವರ್ ತೆಗೆಯಲು ಆಜ್ಞೆ ಕೊಟ್ಟಳು. ಪರದೆ ಸ್ವಲ್ಪ ಯೋಚಿಸಿತು.

ಬಿಡುಗಡೆಗೆ ಕಾಯುತ್ತಿದೆ. ಹಿಡಿದಿರುವವರು: ಒಬ್ಬರು.

ಇದರಲ್ಲೇನೂ ಆಶ್ಚರ್ಯವಿರಲಿಲ್ಲ. ಅದೇ ಕೆಟ್ಟ ಸಾಲು, ಬಿಡದೆ ಹೊರಟಿದೆ. ಅವಳು ಪುಸ್ತಕದಲ್ಲಿ ಸಮಯ ಬರೆದುಕೊಂಡು ಮಷಿನ್ ಆರಿಸಿದಳು, ಮತ್ತೆ ಹಚ್ಚಿದಳು. ಆರಿಸಿ ಹಚ್ಚಿದ ಮೇಲೆ ಎಲ್ಲ ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ಹಿಡಿದವರು ಯಾರೂ ಉಳಿಯುವಂತಿಲ್ಲ.

ಹಿಡಿದಿರುವವರು: ಒಬ್ಬರು.

ಮತ್ತೆ ಆರಿಸಿದಳು. ಕೇಬಲ್ ಕಿತ್ತಳು. ಹಚ್ಚಿದಳು. ಒಬ್ಬರು. ಮೂರನೆಯ ಸಲ ಆರಿಸಿ, ಮಷಿನ್ ಬಿಚ್ಚಿ, ನೆಟ್‌ವರ್ಕ್ ಕಾರ್ಡನ್ನೇ ಎಳೆದು ತೆಗೆದಳು. ಕಾರ್ಡು ಅವಳ ಎಡ ಅಂಗೈಯಲ್ಲಿತ್ತು. ತಣ್ಣಗಿತ್ತು. ಬಲಗೈಯಲ್ಲಿ ಸ್ವಿಚ್ಚು ಒತ್ತಿದಳು.

ಇಲ್ಲದ ಕಾರ್ಡಿನ ಹೆಸರು ಪರದೆಗೆ ಬಂತು. ಬಿಡುಗಡೆಗೆ ಕಾಯುತ್ತಿದೆ. ಹಿಡಿದಿರುವವರು: ಒಬ್ಬರು.

ಆಗ ಕೇಳಿಸಿತು. ಟಿಂಗ್.

ಅವಳು ಫ್ಯಾನ್ ಆರಿಸಿದಳು. ಪೂರ್ತಿ ನಿಶ್ಶಬ್ದ… ಹತ್ತು ಸೆಕೆಂಡು. ಟಿಂಗ್. ಹಿಂದೆಯೇ ಪರದೆಯಲ್ಲಿ ಸಾಲು. ಮತ್ತೆ ಹತ್ತು. ಟಿಂಗ್. ಪ್ಲಾಸ್ಟಿಕ್ಕಿನ ಕೀಲಿಗೆ ಲೋಹದ ಉಂಗುರ ತಾಗಿದ ಸದ್ದು. ಎಡಗಡೆಯ ಮೇಜಿನಿಂದ. ಬಟ್ಟೆಯ ಕೆಳಗಿನಿಂದ.

ಆ ಕೀಬೋರ್ಡಿನ ವೈರು ಯಾವುದಕ್ಕೂ ಚುಚ್ಚಿರಲಿಲ್ಲ.

ಅವಳು ಸರ್‌ಗೆ ಫೋನ್ ಮಾಡಿದಳು. ರಾತ್ರಿ ಒಂದು ಗಂಟೆ. ಮೊದಲ ರಿಂಗಿಗೇ ಎತ್ತಿದರು.

"ಮುಗೀತಾ ತಂಗೀ?"

"ಇಲ್ಲ ಸರ್" ಪಿಸುಗುಟ್ಟಿದಳು. "ಹಳೇದು ಹೋಗ್ತಿಲ್ಲ. ಯಾರೋ ಹಿಡ್ಕೊಂಡಿದ್ದಾರೆ ಅಂತ ಬರ್ತಿದೆ."

"ರೀಬೂಟ್ ಮಾಡು."

"ಮೂರು ಸಲ ಮಾಡಿದೆ. ಕಾರ್ಡು ನನ್ನ ಕೈಯಲ್ಲಿದೆ ಸರ್."

"ಎಂಥದು ಮಾರಾಯ್ತಿ! ನಿದ್ದೆಗಣ್ಣಲ್ಲಿ ಏನೋ ನೋಡ್ತಿದ್ದೀಯ. ಡ್ರೈವರ್ ಸಾಯಲಿ, ಮೊದಲು ಹಳೇ ಪ್ರತಿ ಅಳಿಸು."

ಟಿಂಗ್.

ಸರ್ ದನಿ ತಗ್ಗಿಸಿದರು.

"ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸರ್."

"ಮತ್ತೆ… ಟೈಪ್ ಮಾಡ್ತಿರೋದು ಯಾರು?"

ಅವಳು ಎಡಗಡೆಯ ಮೇಜಿನ ಕಡೆ ನೋಡಿದಳು.

"ಉಂಗುರ ತೆಗೆಯೋ ಅಂತ ನೂರು ಸಲ ಹೇಳಿದ್ದೆ ಅವನಿಗೆ…" ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆಮೇಲೆ ಒಂದೇ ಉಸಿರಿಗೆ, "ಅಳಿಸು ತಂಗೀ. ಈಗಲೇ ಅಳಿಸು. ಒಳಗೆ ಏನೂ ನೋಡಬೇಡ."

ಫೋನ್ ಇಟ್ಟರು.

ನೋಡಬೇಡ. ಎರಡೂವರೆ ವರ್ಷದಲ್ಲಿ ಆ ಮನುಷ್ಯ ಅವಳಿಗೆ ನೋಡಬೇಡ ಎಂದದ್ದು ಅದೇ ಮೊದಲು. ಎಲ್ಲವನ್ನೂ ಬಿಡಿಸಿ ನೋಡು ಎಂದೇ ಕಲಿಸಿದವರು. ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಮಷಿನ್ನಿನ ಹತ್ತಿರ ಎಳೆದುಕೊಂಡಳು. ಹಳೆಯ ಪ್ರತಿಯನ್ನು ತೆರೆದಳು. ಸಾಲುಸಾಲಿಗೂ ಬರೆದವರ ಹೆಸರು ತೋರಿಸು ಎಂದು ಕೇಳಿದಳು.

ಸೊನ್ನೆ ಕೊಡುವ ಆ ಸಾಲು. ಅದರ ಮುಂದೆ ಹೆಸರು: ಮಹಾಬಲೇಶ್ವರ. ಏಳು ವರ್ಷದ ಹಿಂದಿನ ತಾರೀಖು.

ಕೆಳಗೆ ಒಂದು ತಿದ್ದುಪಡಿ, ಸೇರಿಸದೆ ಬಿಟ್ಟದ್ದು. ಬರೆದವನು ಬಾಬ್ಜಿ. "ಕೇಬಲ್ ಕಿತ್ತು ನಲವತ್ತು ಸಲ ಪರೀಕ್ಷಿಸಿದ್ದೇನೆ. ಸುದ್ದಿ ಹೋಗದಿದ್ದರೂ ಹೋಯಿತೆಂದು ಹೇಳುತ್ತಿದೆ. ಮನುಷ್ಯರ ಪ್ರಾಣದ ವಿಷಯ. ದಯವಿಟ್ಟು ಸೇರಿಸಿ ಸರ್." ಅದರ ಕೆಳಗೆ ಒಂದೇ ಮಾತಿನ ಉತ್ತರ. "ನೋಡ್ತೀನಿ."

ಆ ಉತ್ತರದ ತಾರೀಖು, ಅಮೂಲ್ಯಾ ಕೆಲಸಕ್ಕೆ ಸೇರುವುದಕ್ಕೆ ಹನ್ನೆರಡು ದಿನ ಮುಂಚಿನದು.

ಅವಳು ಲ್ಯಾಪ್‌ಟಾಪ್ ತೆರೆದು ವಿಶಾಖಪಟ್ಟಣದ ಪ್ರತಿಯನ್ನು, ತಾನು ಸರಿಮಾಡುವ ಮೊದಲು ಇದ್ದ ಹಾಗೆ, ನೋಡಿದಳು. ಸರ್ವರ್ ಬದಲಿಸುವಾಗ ಹಳೆಯ ದಾಖಲೆ ಕಳೆದುಹೋಯಿತು ಎನ್ನುತ್ತಿದ್ದರಲ್ಲ, ಅಲ್ಲಿನ ದಾಖಲೆ ಶುರುವಾಗುವುದೇ ಅವಳು ಸಾಲು ಜೋಡಿಸಿದ ದಿನದಿಂದ. ಯಾರು ಸಾಲನ್ನು ಕೊನೆಗೆ ಮುಟ್ಟುತ್ತಾರೋ ಅದು ಅವರ ಹೆಸರಿಗೆ ಹೋಗುತ್ತದೆ. ಅದೇ ಸಾಲು. ಹತ್ತು ಸಾಲು ಕೆಳಗೆ. ಅದರ ಮುಂದೆ ಹೆಸರು: ಅಮೂಲ್ಯಾ.

ಓರಣ ಮಾಡಲು ಕೊಟ್ಟದ್ದು ಅದಕ್ಕೆ. ಅರ್ಥ ಬದಲಿಸಬೇಡ ಎಂದದ್ದು ಅದಕ್ಕೆ. ಈ ಕೋಣೆಯ ಹಳೆಯ ಪ್ರತಿಯನ್ನೂ ಅವಳ ಕೈಯಿಂದಲೇ ಅಳಿಸಿದರೆ, ಸೋಮವಾರ ಸಮಿತಿಯವರು ಕೇಳಿದಾಗ ಯಂತ್ರ ಒಂದೇ ಹೆಸರು ಹೇಳುತ್ತಿತ್ತು. ಒಬ್ಬ ಮನುಷ್ಯನ ಕಣ್ಣು ತೆಗೆದ ಸಾಲು ಈ ಹುಡುಗಿಯದು ಎಂದು.

ಬೊಬ್ಬಟ್ಟು… ಸೀರೆ… ತಂಗೀ.

ಅವಳು ಅಳಲಿಲ್ಲವಂತೆ. ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳಂತೆ, ಅಷ್ಟೆ.

ಟಿಂಗ್.

ಈಗ ಆ ಸದ್ದಿಗೆ ಅವಳಿಗೆ ಹೆದರಿಕೆ ಆಗಲಿಲ್ಲ. ಹಳೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿದಳು. ಸಮಿತಿಗೆ ಪತ್ರ ಬರೆಯಲು ಕೂತಳು. ಸಾಲು ಯಾರದೆಂದು ಬರೆದಳು. ಬಾಬ್ಜಿ ಎಚ್ಚರಿಸಿದ್ದನೆಂದು ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದಳು. ಪರದೆಯಲ್ಲಿ ಮತ್ತೆ ಸಾಲು ಬಿತ್ತು. ಒಬ್ಬರು.

ಅವಳು ಇನ್ನೂ ಮೂರು ವಾಕ್ಯ ಸೇರಿಸಿದಳು. "ಆ ಸಾಲು ತಪ್ಪೆಂದು ನಾನು ಕಂಡಿದ್ದೆ. ಒಮ್ಮೆ ಕೇಳಿದ್ದೆ. ಆಮೇಲೆ ಸುಮ್ಮನಾದೆ." ಕೆಳಗೆ ತನ್ನ ಹೆಸರು ಹಾಕಿದಳು.

ಪತ್ರವನ್ನು ಮೊದಲಿನಿಂದ, ಮೆಲ್ಲಗೆ, ತೆಲುಗಿನಲ್ಲಿ ಓದಿ ಹೇಳಿದಳು. ಎಡಗಡೆಯ ಮೇಜಿನ ಕಡೆ ತಿರುಗಿ. ಮುಗಿಸಿ, "ಹೇಳಿದೆ ಬಾಬ್ಜಿ ಗಾರು" ಅಂದಳು.

ಹತ್ತು ಸೆಕೆಂಡು… ಇಪ್ಪತ್ತು… ಒಂದು ನಿಮಿಷ. ಸಾಲು ಬೀಳಲಿಲ್ಲ.

ಪಕ್ಕದ ಕುರ್ಚಿಯ ಗಾಲಿ ಕಿರ್ರ್ ಎಂದು ಒಂದು ಗೇಣು ಹಿಂದಕ್ಕೆ ಸರಿಯಿತು. ಕೂತವರು ಏಳುವಾಗ ಸರಿಯುವ ಹಾಗೆ.

ಬೆಳಿಗ್ಗೆ ಬ್ಯಾಗು ಹೊತ್ತು ಓಣಿಗೆ ಇಳಿದಳು. ಬಾವಿ ಇದ್ದ ಜಾಗದಲ್ಲಿ ಸಿಮೆಂಟಿನ ಇಟ್ಟಿಗೆ ಹಾಸಿತ್ತು, ಅದರ ಮೇಲೆ ಒಂದು ಸ್ಕೂಟರು ನಿಂತಿತ್ತು. "ಬಾವೀನಾ?" ಎಂದರು ಲಕ್ಷ್ಮೀಕಾಂತಮ್ಮ. "ಅದನ್ನ ಮುಚ್ಚಿದ್ದು ಬಾಬ್ಜಿ ಇದ್ದಾಗಲೇ ಅಲ್ವಾ. ಪಾಪ, ಮುಚ್ಚೋವರೆಗೂ ಸಂಜೆ ಅದರ ಕಟ್ಟೆ ಮೇಲೇ ಕೂತಿರ್ತಿದ್ದ."

ಸೋಮವಾರ ಅವಳು ಪತ್ರ, ಪೆನ್‌ಡ್ರೈವ್ ಎರಡನ್ನೂ ಸಮಿತಿಯ ಮುಂದೆ ಇಟ್ಟಳು. ಮಹಾಬಲೇಶ್ವರ ಅಲ್ಲೇ ಕೂತಿದ್ದರು. ಅವಳ ಮುಖ ನೋಡಿ, ಇಂಗ್ಲಿಷಿನಲ್ಲಿ, "ಈಕೆ ನನ್ನ ಕೈಕೆಳಗಿನ ಹತ್ತು ಜನರಲ್ಲಿ ಒಬ್ಬಳು, ನ‌ನಗೆ ಅಷ್ಟಾಗಿ ಪರಿಚಯವಿಲ್ಲ" ಎಂದರು. ಆ ಮಾತಿಗೆ ಆದಷ್ಟು ಭಯ ನನಗೆ ಭವಾನಿಪುರಂನಲ್ಲಿ ಆಗಲಿಲ್ಲ, ಎನ್ನುತ್ತಾಳೆ ಅಮೂಲ್ಯಾ.

ಬಾಬ್ಜಿ ಮೊದಲೇ ಎಚ್ಚರಿಸಿದ್ದನೆಂದು ಸಮಿತಿ ಬರೆಯಿತು. ಮಹಾಬಲೇಶ್ವರ ಕೆಲಸ ಬಿಟ್ಟರು. ಕಂಪನಿ ಅಮೂಲ್ಯಾಳನ್ನೂ ಕೆಲಸದಿಂದ ತೆಗೆಯಿತು. ಅವಳು ಸೀರೆಯನ್ನು ಪೋಸ್ಟಿನಲ್ಲಿ ವಾಪಸು ಮಾಡಿ ಊರಿಗೆ ಬಂದಳು.

ಇಲ್ಲಿಗೆ ಮುಗಿದಿದ್ದರೆ ನಾನೂ ಕನಸು ಎನ್ನುತ್ತಿದ್ದೆ.

ಫೆಬ್ರವರಿಯಲ್ಲಿ ಒಂದು ರಾತ್ರಿ ಹೈಮಾವತಿಯವರ ಫೋನ್ ಬಂತು. ಅಳುತ್ತಿರಲಿಲ್ಲ. ತುಂಬಾ ಮೆಲ್ಲಗೆ ಮಾತಾಡುತ್ತಿದ್ದರು.

"ಅಮ್ಮಡೂ… ಸೀರೆ ಯಾಕೆ ವಾಪಸು ಕಳಿಸಿದೆ ಅಂತ ಕೇಳೋಕೆ ಮಾಡಿಲ್ಲ. ನನಗೆ ಗೊತ್ತಾಯ್ತು. ನನಗೂ ಅವರು ಏನೂ ಹೇಳಿರಲಿಲ್ಲ. ಬೇರೇನೋ ಕೇಳಬೇಕಿತ್ತು."

"ಹೇಳಿ ಆಂಟಿ."

"ಮನೇಲಿ ಕಂಪ್ಯೂಟರ್ ಮಾರಿಬಿಟ್ವಿ. ಒಂದು ಕೀಬೋರ್ಡೂ ಇಲ್ಲ. ಆದರೆ ಇವರು ರಾತ್ರಿಯೆಲ್ಲ ಗೋಡೆ ಕಡೆ ಮುಖ ಮಾಡಿ ಎಣಿಸ್ತಾ ಕೂತಿರ್ತಾರೆ. ಒಂದರಿಂದ ಹತ್ತು. ಮತ್ತೆ ಒಂದರಿಂದ. ಏನು ಅಂದರೆ ಹೇಳಲ್ಲ. ಆಫೀಸಿನದು ಏನಾದರೂ ಬಾಕಿ ಇತ್ತಾ ಅಮ್ಮಡೂ?"

ಅಮೂಲ್ಯಾ ಗೊತ್ತಿಲ್ಲ ಅಂದಳು. ಅದೊಂದು ಸುಳ್ಳು ಹೇಳಿದೆ ಎಂದು ನನ್ನ ಹತ್ತಿರ ಒಪ್ಪಿಕೊಂಡಳು.

ಅವಳ ಮೊಬೈಲಿನಲ್ಲಿ ಕರೆಗಳೆಲ್ಲ ತಾನಾಗಿ ರೆಕಾರ್ಡ್ ಆಗುತ್ತವೆ. ಅದನ್ನು ನನಗೆ ಕೇಳಿಸಿದ್ದಾಳೆ. ಹೈಮಾವತಿಯವರ ದನಿ ಇದೆ. ದೂರದಲ್ಲಿ ಗಂಡಸಿನ ದನಿ, ಕನ್ನಡದಲ್ಲಿ… ಎಂಟು… ಒಂಬತ್ತು… ಹತ್ತು. ಆಮೇಲೆ ಇನ್ನೊಂದು ಸದ್ದು. ಆ ಸದ್ದು ಬಂದಾಗ ಹೈಮಾವತಿಯವರು ಒಮ್ಮೆಯೂ ಮಾತು ನಿಲ್ಲಿಸುವುದಿಲ್ಲ. ಅವರಿಗೆ ಅದು ಕೇಳಿಸುತ್ತಿರಲಿಲ್ಲ ಎಂದು ಕಾಣುತ್ತದೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಗಡಿಯಾರ ಮುಂದಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇನೆ. ಕರೆ ಹನ್ನೊಂದು ನಿಮಿಷದ್ದು. ಟಿಂಗ್ ಎಂದದ್ದು ಅರವತ್ತಾರು ಸಲ.